ಮಾರ್ಕ್ಸ್ ಕಾರ್ಡ್ ಎಲ್ಲಿ ಸ್ವಾಮಿ?

1965ರ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ನೋಡಿದವರು ಆ ಜೇಬು ಗಡಿಯಾರ ಮರೀತಾರಾ? ಸಂಗೀತ ನಿಂತ್ರೆ ಗುಂಡು!

ಲಂಡನ್ನಿನಲ್ಲಿರೋ ನನ್ನ ಗೆಳೆಯ ಮಾವನ ಸಂಗ್ರಹದಿಂದ ಜೇಬು ಗಡಿಯಾರವೊಂದನ್ನು ಮಾರೋಕೆ ಹೊರಟ. ಅದು ಸ್ಪರ್ಧೆಯಲ್ಲಿ ಗೆದ್ದ ಗಡಿಯಾರ. ಅಲ್ಲಿನ ಕ್ಯೂ ವೀಕ್ಷಣಾಲಯದಲ್ಲಿ 1884ರಿಂದ ಗಡಿಯಾರಗಳಿಗೆ ಪರೀಕ್ಷೆ ನಡೀತಿತ್ತು. 45 ದಿನ ಮಲಗಿಸಿ, ನಿಲ್ಲಿಸಿ, ಚಳಿಯಲ್ಲಿಟ್ಟು, ಬಿಸಿಯಲ್ಲಿಟ್ಟು 100ಕ್ಕೆ ಅಂಕ ಕೊಡ್ತಿದ್ರು. 80 ದಾಟಿದ್ರೆ ವಿಶೇಷ ದರ್ಜೆ!

ಕೊಳ್ಳೋರು ಕೇಳಿದ್ದು ಒಂದೇ: ಸರ್ಟಿಫಿಕೇಟ್. ಅದರ ನಂಬರು ಒಳಗಿನ ಯಂತ್ರದ ನಂಬರಿಗೆ ತಾಳೆಯಾಗಬೇಕು. ಈ ಪುಣ್ಯಾತ್ಮ ಅದನ್ನು ಹಳೇ ಕಾಗದ ಅಂತ ಕಸದಬುಟ್ಟಿಗೆ ಹಾಕಿದ್ದ! ಕೇಳಿ ನನಗೇ ಹೊಟ್ಟೆ ಉರೀತು. ಚಿನ್ನದ ಬೆಲೆ ಬಂತು, ಗೆಲುವಿನ ಬೆಲೆ ಬರಲಿಲ್ಲ.

ಗೆಳೆಯರೇ, ಮೊದಲು ಕಾಗದ ಹುಡುಕಿ. ಗಿರಾಕಿ ಆಮೇಲೆ.