ನೆರವು ಬೇಕಾದರೆ ಡ್ರಗ್ಸ್ ಪರೀಕ್ಷೆ: ಫ್ಲೋರಿಡಾದಲ್ಲಿ ಆಗಿದ್ದೇನು?

ಸರ್ಕಾರದಿಂದ ಹಣ ಪಡೆಯುವವರು ಅದನ್ನು ಮಾದಕ ವಸ್ತುವಿಗೆ ಸುರಿಯಬಾರದು. ಈ ಮಾತಿಗೆ ಇಲ್ಲ ಎನ್ನುವವರು ಯಾರೂ ಸಿಗಲಿಕ್ಕಿಲ್ಲ. ಆದರೆ ಅದಕ್ಕಾಗಿ ಅರ್ಜಿ ಹಾಕಿದ ಪ್ರತಿಯೊಬ್ಬರ ಮೂತ್ರ ಪರೀಕ್ಷೆ ಮಾಡಿಸಬೇಕೇ? ಅಮೆರಿಕದಲ್ಲಿ ವರ್ಷಗಳಿಂದ ನಡೆಯುತ್ತಿರುವ ಈ ಚರ್ಚೆಗೆ ಫ್ಲೋರಿಡಾ ರಾಜ್ಯದಲ್ಲಿ ಒಂದು ಪ್ರಯೋಗವೇ ನಡೆದುಹೋಗಿದೆ.

ಬಡ ಕುಟುಂಬಗಳಿಗೆ ನಗದು ನೆರವು ನೀಡುವ ಯೋಜನೆಯಲ್ಲಿ ಡ್ರಗ್ಸ್ ಪರೀಕ್ಷೆ ನಡೆಸಲು 1996ರ ಕಾನೂನು ಅಮೆರಿಕದ ರಾಜ್ಯಗಳಿಗೆ ಅವಕಾಶ ಕೊಟ್ಟಿತ್ತು. ಅದನ್ನು ಬಳಸಿಕೊಂಡ ಗವರ್ನರ್ ರಿಕ್ ಸ್ಕಾಟ್ ಸರ್ಕಾರ, 2011ರ ಜುಲೈ 1ರಿಂದ ಎಲ್ಲ ಅರ್ಜಿದಾರರಿಗೂ ಪರೀಕ್ಷೆ ಕಡ್ಡಾಯ ಮಾಡಿತು. ಖರ್ಚು ಮೊದಲು ಅರ್ಜಿದಾರರದ್ದೇ. ಪಾಸಾದರೆ ಸರ್ಕಾರ ಹಣ ವಾಪಸ್ ಕೊಡುತ್ತಿತ್ತು. ಫೇಲಾದರೆ ಒಂದು ವರ್ಷ ನೆರವಿಲ್ಲ. ಚಿಕಿತ್ಸೆ ಪೂರೈಸಿದರೆ ಆರು ತಿಂಗಳ ಬಳಿಕ ಮತ್ತೆ ಅರ್ಜಿ ಹಾಕಬಹುದಿತ್ತು. ಆದರೆ ಆ ಚಿಕಿತ್ಸೆಯ ಖರ್ಚಿಗೆ ಸರ್ಕಾರ ಹೊಣೆಯಲ್ಲ!

ಅಂಕಿ-ಅಂಶ ಏನು ಹೇಳುತ್ತದೆ?

ಸುಮಾರು ನಾಲ್ಕು ತಿಂಗಳಲ್ಲಿ 4,086 ಮಂದಿಯ ಪರೀಕ್ಷೆಯಾಯಿತು. ಸಿಕ್ಕಿಬಿದ್ದವರು 108 ಮಂದಿ, ಅಂದರೆ ಶೇ 2.6. ಅವರಲ್ಲೂ ಹೆಚ್ಚಿನವರು ಬಳಸಿದ್ದು ಗಾಂಜಾ. ಪಾಸಾದವರಿಗೆ ಸರ್ಕಾರ ವಾಪಸ್ ಕೊಟ್ಟ ಹಣ 1,18,140 ಡಾಲರ್. ನಿಲ್ಲಿಸಿದ ನೆರವಿನಿಂದ ಉಳಿದದ್ದಕ್ಕಿಂತ ಇದೇ ಹೆಚ್ಚಾಗಿ, ಬೊಕ್ಕಸಕ್ಕೆ ನಷ್ಟವೇ ಆಯಿತು.

ಡ್ರಗ್ಸ್ ಬಳಸುವವರು ಹೆದರಿ ಅರ್ಜಿಯನ್ನೇ ಹಾಕಿರಲಿಕ್ಕಿಲ್ಲ ಎಂಬುದು ಬೆಂಬಲಿಗರ ವಾದ. ತಳ್ಳಿಹಾಕುವ ಮಾತೇನಲ್ಲ. ಆದರೆ ಪರೀಕ್ಷೆ ಶುರುವಾದ ಮೊದಲ ತಿಂಗಳುಗಳಲ್ಲಿ ಫಲಾನುಭವಿಗಳ ಸಂಖ್ಯೆ ಇಳಿಯಲಿಲ್ಲ ಎಂದು ಇಲಾಖೆಯ ಆಂತರಿಕ ದಾಖಲೆಯೇ ಹೇಳಿತ್ತು.

ಕೋರ್ಟ್ ನೋಡಿದ್ದು ಬೇರೆ ಪ್ರಶ್ನೆ

ಕಾಲೇಜಿನಲ್ಲಿ ಓದುತ್ತ ಒಬ್ಬರೇ ಮಗನನ್ನು ಸಾಕುತ್ತಿದ್ದ ನೌಕಾಪಡೆಯ ಮಾಜಿ ಯೋಧರೊಬ್ಬರು ಪರೀಕ್ಷೆಗೆ ಒಪ್ಪದೆ ಕೋರ್ಟ್ ಮೆಟ್ಟಿಲೇರಿದರು. 2011ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶೆ ಮೇರಿ ಸ್ಕ್ರಿವನ್ ಕಾನೂನಿಗೆ ತಡೆ ನೀಡಿದರು. 2014ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಾನೂನು ಅಸಾಂವಿಧಾನಿಕ ಎಂಬ ತೀರ್ಪನ್ನು ಎತ್ತಿಹಿಡಿಯಿತು. ಅನುಮಾನಕ್ಕೆ ಕಾರಣವಿಲ್ಲದೆ ನಡೆಸುವ ಶೋಧದಿಂದ ಪ್ರಜೆಗೆ ಸಂವಿಧಾನದ ನಾಲ್ಕನೇ ತಿದ್ದುಪಡಿಯ ರಕ್ಷಣೆಯಿದೆ. ಬಡವನಾದ ಮಾತ್ರಕ್ಕೆ ಅದು ತಪ್ಪಿಹೋಗುವುದಿಲ್ಲ ಎಂಬುದು ತೀರ್ಪಿನ ಸಾರ.

'ನಮಗೆ ಕೆಲಸ ಕೊಡುವಾಗ ಟೆಸ್ಟ್ ಮಾಡುತ್ತಾರೆ, ಅವರಿಗೇಕೆ ಬೇಡ?' ಎಂದು ತೆರಿಗೆ ಕಟ್ಟುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ರೈಲು ಓಡಿಸುವವರು ನಶೆಯಲ್ಲಿದ್ದರೆ ನೂರಾರು ಜನರ ಜೀವಕ್ಕೆ ಅಪಾಯ. ನೆರವಿಗೆ ಅರ್ಜಿ ಹಾಕಿದ ತಾಯಿಯ ವಿಷಯದಲ್ಲಿ ಅಂಥ ಅಪಾಯವನ್ನು ಸರ್ಕಾರ ಸಾಬೀತು ಮಾಡಲಾಗಲಿಲ್ಲ.

ಆಸ್ಟ್ರೇಲಿಯಾ ಕೂಡ 2017ರಲ್ಲಿ ಮೂರು ಊರುಗಳ 5,000 ಹೊಸ ಫಲಾನುಭವಿಗಳನ್ನು ಪರೀಕ್ಷಿಸಲು ಹೊರಟಿತ್ತು. ಸೆನೆಟ್‌ನಲ್ಲಿ ಬೆಂಬಲ ಸಿಗದೆ ಯೋಜನೆ ನಿಂತಿತು.

ನಮಗೇನು ಸಂಬಂಧ?

ಭಾರತದಲ್ಲಿ ಇಂಥ ಪರೀಕ್ಷೆಯ ಸುದ್ದಿ ಬಂದದ್ದು ಸಂಬಳದಾರರ ವಿಷಯದಲ್ಲಿ. 2018ರಲ್ಲಿ ಪಂಜಾಬ್ ಸರ್ಕಾರ ತನ್ನ ನೌಕರರಿಗೆ ಡೋಪ್ ಟೆಸ್ಟ್ ಕಡ್ಡಾಯ ಎಂದಾಗ, ಹಾಗಾದರೆ ಮಂತ್ರಿ, ಶಾಸಕರಿಗೂ ಆಗಲಿ ಎಂಬ ಕೂಗು ಎದ್ದಿತ್ತು. ಕರ್ನಾಟಕದ ಗೃಹಲಕ್ಷ್ಮಿಯ 2,000 ರೂಪಾಯಿಗೂ ಮಹಾರಾಷ್ಟ್ರದ ಲಾಡ್ಕಿ ಬಹಿಣ್‌ನ 1,500 ರೂಪಾಯಿಗೂ ಷರತ್ತುಗಳಿವೆ. ಒಂದು ಕಡೆ ಆದಾಯ ತೆರಿಗೆ ಕಟ್ಟುವ ಕುಟುಂಬಕ್ಕೆ ಇಲ್ಲ, ಇನ್ನೊಂದು ಕಡೆ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ದಾಟುವಂತಿಲ್ಲ. ಇವು ಅಗತ್ಯ ಯಾರಿಗಿದೆ ಎಂದು ಅಳೆಯುವ ಷರತ್ತುಗಳು. ಫ್ಲೋರಿಡಾ ಅಳೆಯಲು ಹೊರಟದ್ದು ನಡತೆಯನ್ನು.

'ಕೊಟ್ಟ ದುಡ್ಡು ಕುಡಿತಕ್ಕೆ ಹೋಗುತ್ತದೆ' ಎಂಬ ಮಾತು ನಮ್ಮಲ್ಲೂ ಇದೆ. ಕೆಲವು ಮನೆಗಳಲ್ಲಿ ಅದು ನಿಜವೂ ಇರಬಹುದು. ಆದರೆ ಅದಕ್ಕಾಗಿ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವ ಮೊದಲು ಫ್ಲೋರಿಡಾದ ಲೆಕ್ಕವನ್ನು ನೋಡಬೇಕು. ಅಲ್ಲಿ 108 ಜನರನ್ನು ಹಿಡಿಯಲು ಸುಮಾರು 4,000 ಜನ ತಾವು ತಪ್ಪು ಮಾಡಿಲ್ಲ ಎಂದು ತೋರಿಸಬೇಕಾಯಿತು. ಸಿಕ್ಕಿಬಿದ್ದವರಿಗೂ ಚಟ ಬಿಡಿಸುವ ನೆರವು ಸಿಗಲಿಲ್ಲ.