ಬಿದ್ದ ಅಡಿಕೆ ಮರಕ್ಕೆ ಹದಿನಾರು ರೂಪಾಯಿ

ಯುಗಾದಿ ಕಳೆದು ಮುಂಗಾರು ಹಿಡಿಯುವ ತನಕ ಚಿತ್ರದುರ್ಗ ಜಿಲ್ಲೆಯ ತೋಟದವರಿಗೆ ಸಂಜೆಯಾದರೆ ದಿಗಿಲು. ದಿನವಿಡೀ ಕಾದ ನೆಲ, ಸಂಜೆಗೆ ಕಪ್ಪೇರುವ ಮುಗಿಲು, ಮಳೆಗಿಂತ ಮುಂಚೆ ನುಗ್ಗುವ ಗಾಳಿ. ಅರ್ಧ ಗಂಟೆಯ ಆ ಅಬ್ಬರಕ್ಕೆ ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು, ಹಿರಿಯೂರಿನ ಬಾಳೆ ನೆಲಕಚ್ಚುತ್ತವೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲೊಂದು ಫೋಟೊ, ‘ಲಕ್ಷಾಂತರ ರೂಪಾಯಿ ನಷ್ಟ’ ಎಂಬ ಶೀರ್ಷಿಕೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ರೈತನ ಅಲೆದಾಟ ಅಲ್ಲಿಂದ ಶುರುವಾಗುತ್ತದೆ.

ಪರಿಹಾರದ ಲೆಕ್ಕವನ್ನೊಮ್ಮೆ ನೋಡಿ. 2022-23ರಿಂದ 2025-26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಬಹುವಾರ್ಷಿಕ ಬೆಳೆಗೆ ನಿಗದಿ ಮಾಡಿದ್ದು ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿನಲ್ಲಿ ಸುಮಾರು 1,370 ಅಡಿಕೆ ಮರ. ಭಾಗಿಸಿದರೆ ಮರಕ್ಕೆ ಬರುವುದು ಹದಿನಾರು ರೂಪಾಯಿ ಚಿಲ್ಲರೆ. 2025ರ ಅತಿವೃಷ್ಟಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ಸೇರಿಸಿ 31,000 ಮಾಡಿತು. ಆ ದರದಲ್ಲೂ ಮರಕ್ಕೆ ಇಪ್ಪತ್ಮೂರು ರೂಪಾಯಿ ದಾಟುವುದಿಲ್ಲ. ಮತ್ತೆ ನೆಡುವ ಸಸಿಗೂ ಆ ದುಡ್ಡು ಸಾಲದು. ಆ ಸಸಿ ಫಸಲಿಗೆ ಬರುವ ಐದಾರು ವರ್ಷ ಮನೆ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಮಾರ್ಗಸೂಚಿಯಲ್ಲಿ ಜಾಗವೇ ಇಲ್ಲ.

ಇದಕ್ಕಿಂತ ಕ್ರೂರವಾದದ್ದು ಶೇ 33ರ ನಿಯಮ. ಬೆಳೆ ನಷ್ಟ ಅಷ್ಟಾದರೂ ಇರಬೇಕು, ಇಲ್ಲದಿದ್ದರೆ ಏನೂ ಇಲ್ಲ. ರಾಗಿ, ಮೆಕ್ಕೆಜೋಳಕ್ಕೆ ಈ ಅಳತೆ ಒಪ್ಪಬಹುದೇನೋ. ಆದರೆ ಗಾಳಿ ತೋಟವನ್ನು ಪಟ್ಟಿ ಪಟ್ಟಿಯಾಗಿ ಸೀಳಿಕೊಂಡು ಹೋಗುತ್ತದೆ. ಎಕರೆಯ 550 ಮರಗಳಲ್ಲಿ 150 ಮುರಿದರೆ ನಷ್ಟ ಶೇ 27. ಕಾಗದದ ಪ್ರಕಾರ ಆ ರೈತನಿಗೆ ನಷ್ಟವೇ ಆಗಿಲ್ಲ! ತೋಟದೊಳಗೆ ಕಾಲಿಟ್ಟವರಿಗೆ ಕಾಣುವುದು ಬೇರೆ: ನಡುವಿಗೆ ಮುರಿದ ಮರ ಪಕ್ಕದ ಮರದ ಮೇಲೆ ಒರಗಿರುತ್ತದೆ, ಹಬ್ಬಿದ ಮೆಣಸಿನ ಬಳ್ಳಿ ಬೇರು ಸಮೇತ ಕಿತ್ತು ಬಂದಿರುತ್ತದೆ, ಡ್ರಿಪ್ ಪೈಪು ಕೆಳಗೆ ಸಿಕ್ಕಿ ಒಡೆದಿರುತ್ತದೆ, ಆಗಷ್ಟೇ ಬಿರಿದ ಹಿಂಗಾರ ಮಣ್ಣಿನಲ್ಲಿ ಬಿದ್ದಿರುತ್ತದೆ. ಬರದ ವರ್ಷಗಳಲ್ಲಿ ಕೊಳವೆಬಾವಿ ಬತ್ತಿದಾಗ ಟ್ಯಾಂಕರ್ ನೀರು ಕೊಂಡು, ಸಾಲ ಮಾಡಿ ಉಳಿಸಿಕೊಂಡ ಮರಗಳು ಇವು.

‘ಬೇಸಿಗೆಯ ಗಾಳಿ ಮಳೆ ಇದ್ದದ್ದೇ, ಅದೇನು ಚಂಡಮಾರುತವೇ?’ ಎನ್ನುವವರಿದ್ದಾರೆ. ಕೇಂದ್ರದ ವಿಪತ್ತುಗಳ ಪಟ್ಟಿಯೂ ಹಾಗೇ ಹೇಳುತ್ತದೆ. ಅದರಲ್ಲಿ ಚಂಡಮಾರುತವಿದೆ, ಆಲಿಕಲ್ಲು ಮಳೆಯಿದೆ. ಒಳನಾಡಿನ ಬಿರುಗಾಳಿ ಇಲ್ಲ. ಆದರೆ ಸ್ಥಳೀಯ ವಿಪತ್ತು ಎಂದು ತಾನೇ ಘೋಷಿಸಿ, ವಿಪತ್ತು ಪರಿಹಾರ ನಿಧಿಯ ಶೇ 10ರವರೆಗೆ ಖರ್ಚು ಮಾಡುವ ಅಧಿಕಾರ ರಾಜ್ಯಕ್ಕಿದೆ. ಕೈ ಕಟ್ಟಿದವರು ಯಾರೂ ಇಲ್ಲ.

ಮರಕ್ಕೆ ಮರದ ಲೆಕ್ಕದಲ್ಲೇ ಕೊಡುವುದು ಆಗದ ಮಾತು ಎನ್ನುವ ಅಧಿಕಾರಿಗಳು ಪಕ್ಕದ ತಮಿಳುನಾಡನ್ನು ನೋಡಲಿ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ಕಾವೇರಿ ಮುಖಜ ಭೂಮಿಯ ತೆಂಗಿನ ತೋಟಗಳನ್ನು ಮಲಗಿಸಿದಾಗ, ಅಲ್ಲಿನ ಸರ್ಕಾರ ಬಿದ್ದ ಮರಕ್ಕೆ 600 ರೂಪಾಯಿ, ಕಡಿದು ಸಾಗಿಸಲು 500 ರೂಪಾಯಿ ಘೋಷಿಸಿತು. ಹೆಕ್ಟೇರಿಗೆ 175 ಮರದಂತೆ 1,92,500 ರೂಪಾಯಿ. ಹೊಸದುರ್ಗದಲ್ಲಿ ಬಿದ್ದ ತೆಂಗಿಗೆ ಇದೇ ಲೆಕ್ಕ ಹಾಕಿದರೆ ಕೇಂದ್ರದ ದರದಲ್ಲಿ ಮರಕ್ಕೆ 128 ರೂಪಾಯಿ ಚಿಲ್ಲರೆ. ಕರಾವಳಿಯವರಿಗೆ ಹೆಚ್ಚು ಸಿಕ್ಕಿತೆಂದು ನನ್ನ ಹೊಟ್ಟೆಕಿಚ್ಚಲ್ಲ, ಅವರಿಗೆ ಅದೂ ಕಡಿಮೆಯೇ. ತೆಂಗು ಬೀಳುವುದು ಸಮುದ್ರದ ಪಕ್ಕದಲ್ಲಾದರೂ ವೇದಾವತಿಯ ಪಕ್ಕದಲ್ಲಾದರೂ ಮನೆಯ ಗಳಿಕೆ ನಿಲ್ಲುವುದು ಒಂದೇ ರೀತಿ.

ಸಾವಿನ ವಿಷಯದಲ್ಲಿ ನಮ್ಮ ರಾಜ್ಯ ಸರ್ಕಾರ ಅಷ್ಟು ಕಲ್ಲಾಗಿಲ್ಲ. ಸಿಡಿಲಿಗೆ ಬಲಿಯಾದವರ ಕುಟುಂಬಕ್ಕೆ ಐದು ಲಕ್ಷ ಕೊಡುತ್ತದೆ. ಆದರೆ ಮರದಡಿ ನಿಂತ ಕುರಿಗಾಹಿಯ ಜತೆ ಮಂದೆಯೂ ಹೋದರೆ ಕೇಂದ್ರದ ಅದೇ ಮಾರ್ಗಸೂಚಿಯಂತೆ ಕುರಿಗೆ 4,000 ರೂಪಾಯಿ, ಮೂವತ್ತು ಕುರಿಗಷ್ಟೇ. ಸಂತೆಯಲ್ಲಿ ಒಂದು ಕುರಿಯ ಬೆಲೆ ಎಷ್ಟೆಂದು ಹಟ್ಟಿಯ ಮಗುವಿಗೂ ಗೊತ್ತು.

ಇನ್ನು ಪೌತಿ ಖಾತೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಬರುವ ಚಿಲ್ಲರೆಯೂ ಬರುವುದಿಲ್ಲ. ತೋಟ ಉಳುವವನು, ಸಾಲ ತೀರಿಸುವವನು ಮೊಮ್ಮಗ. ಪರಿಹಾರದ ಪಟ್ಟಿಯಲ್ಲಿ ಮಾತ್ರ ಅವನ ಹೆಸರಿಲ್ಲ.

ರಾಜ್ಯ ಸರ್ಕಾರ ಬಿರುಗಾಳಿಯನ್ನು ಸ್ಥಳೀಯ ವಿಪತ್ತು ಎಂದೇ ಪರಿಗಣಿಸಬೇಕು. ಅಡಿಕೆ, ತೆಂಗಿಗೆ ಹೆಕ್ಟೇರಿನ ಲೆಕ್ಕ ಬಿಟ್ಟು ಮರದ ವಯಸ್ಸು ನೋಡಿ ಮರಕ್ಕಿಷ್ಟು ಎಂದು ಕೊಡಬೇಕು, ಶೇ 33ರ ಷರತ್ತನ್ನು ತೋಟಕ್ಕೆ ಅನ್ವಯಿಸಬಾರದು. ಜಿಲ್ಲೆಯ ಜನಪ್ರತಿನಿಧಿಗಳು ಇದನ್ನು ಸದನದಲ್ಲಿ ಕೇಳಲಿ. ಅಲ್ಲಿಯತನಕ ರೈತರಲ್ಲಿ ಒಂದು ವಿನಂತಿ: ಮರ ಬಿದ್ದ ದಿನವೇ ಎಣಿಸಿ, ಫೋಟೊ ತೆಗೆದಿಡಿ, ಪಂಚನಾಮೆಯಲ್ಲಿ ಎಕರೆ-ಗುಂಟೆಯ ಜತೆ ಬಿದ್ದ ಮರಗಳ ಸಂಖ್ಯೆ ಬರೆಸದೆ ಸಹಿ ಹಾಕಬೇಡಿ.