ಕೋಲಿಗಿಂತ ಬಾಡಿಗೆ ಭಾರ

ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಕೈಯಲ್ಲಿ ಕೋಲಿರಬೇಕು. ತಾಳಬೆಟ್ಟದಿಂದ ಮೇಲಕ್ಕೆ ಹತ್ತುವಾಗ ಅದು ಮೊಣಕಾಲಿಗೆ ಆಸರೆ, ಇಳಿಯುವಾಗ ಇನ್ನೂ ಹೆಚ್ಚಿನ ಆಸರೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಮುಂಚೆ ನಮ್ಮ ಗಿರಣಿಗಳಿಂದ ರಜೆ ಕೇಳಿ ಹೊರಡುವ ಎಷ್ಟೋ ಜನ ಇದನ್ನು ಬಲ್ಲರು. ನಾಗಮಲೆಗೆಂದು ಬೆಂಗಳೂರಿನಿಂದ ಬರುವ ಚಾರಣದ ಹುಡುಗರಿಗೂ ಈಗ ಕೋಲು ಬೇಕಾಗಿದೆ. ಈ ಕೋಲು ಕೆಲವು ವರ್ಷಗಳಿಂದ ಫೋನಿನಲ್ಲಿ ಮಾರಾಟಕ್ಕೆ ಬಂದಿದೆ. ನುಣ್ಣಗೆ ಉಜ್ಜಿ, ಎಣ್ಣೆ ಹಚ್ಚಿ, ಹಿಡಿಗೆ ದಾರ ಸುತ್ತಿ, ತುದಿಗೆ ರಬ್ಬರಿನ ಬಿರಡೆ ಹಾಕಿರುತ್ತಾರೆ. ನೋಡಲು ಚೆನ್ನಾಗಿಯೇ ಇದೆ.

ದೇಶದಲ್ಲಿ ಬೇರೆ ಸಮಸ್ಯೆಗಳಿಲ್ಲವೆ, ಪತ್ರಿಕೆಯವರು ಕೋಲು ಹಿಡಿದು ಹೊರಟರಲ್ಲ ಎಂದು ಕೆಲವರು ನಗಬಹುದು. ನಗಲಿ. ಗುಂಡ್ಲುಪೇಟೆಯ ನಮ್ಮ ಗಿರಣಿ ಮಿತ್ರರೊಬ್ಬರು ಮೊನ್ನೆ ತಮ್ಮ ತಾಯಿಗಾಗಿ ಇಂಥದೊಂದು ಕೋಲನ್ನು ತರಿಸಲು ಹೊರಟಾಗ ಫೋನು ತೋರಿಸಿದ ಲೆಕ್ಕ ಹೀಗಿತ್ತು: ಕೋಲಿಗೆ 260 ರೂಪಾಯಿ, ಸಾಗಾಣಿಕೆಗೆ 310 ರೂಪಾಯಿ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟರೂ ವಿವರಿಸಲಾರರು. ಅರ್ಧ ಕೇಜಿಯೂ ತೂಗದ ಒಂದು ಕೋಲನ್ನು ತರಲು ಇಷ್ಟು ಖರ್ಚೇಕೆ ಎಂದು ಕೇಳಿದರೆ, ದೂರವಲ್ಲವೆ ಎನ್ನುತ್ತಾರೆ. ದೂರ ಎಂಬುದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧ ಲೆಕ್ಕ ಹಾಕುವ ವಿಧಾನದಲ್ಲಿದೆ.

ಖಾಸಗಿ ಕೊರಿಯರುಗಳು ಸಾಮಾನನ್ನು ತಕ್ಕಡಿಯಲ್ಲಿ ಮಾತ್ರ ತೂಗುವುದಿಲ್ಲ, ಟೇಪು ಹಿಡಿದೂ ಅಳೆಯುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು ಸಾಮಾನ್ಯವಾಗಿ 5000ದಿಂದ ಭಾಗಿಸಿ, ಅದಕ್ಕೆ ಗಾತ್ರದ ತೂಕ ಎಂದು ಹೆಸರಿಡುತ್ತಾರೆ. ನಿಜ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ನಮ್ಮ ಕೋಲಿನ ಪೊಟ್ಟಣ 150 ಸೆಂಟಿಮೀಟರು ಉದ್ದ, 8 ಅಗಲ, 8 ಎತ್ತರ ಎನ್ನಿ. ಗುಣಿಸಿದರೆ 9600; ಭಾಗಿಸಿದರೆ 1.92. ಅಂದರೆ ಅರ್ಧ ಕೇಜಿಯ ಕೋಲಿಗೆ ಹೆಚ್ಚುಕಡಿಮೆ ಎರಡು ಕೇಜಿಯ ಬಾಡಿಗೆ. ಅದೇ ಅರ್ಧ ಕೇಜಿ ಬೆಲ್ಲ ಕಳಿಸಿದರೆ ಅರ್ಧ ಕೇಜಿಗೇ ಬಾಡಿಗೆ. ಕೋಲು ಮಾಡಿದ ಪಾಪವೆಂದರೆ ಅದು ಉದ್ದವಾಗಿ ಬೆಳೆದದ್ದು.

ಇದರಲ್ಲಿ ಕೊರಿಯರಿನವರದು ಪೂರಾ ತಪ್ಪೆಂದು ನಾವು ಹೇಳುವುದಿಲ್ಲ. ಉದ್ದನೆಯ ವಸ್ತು ವ್ಯಾನಿನಲ್ಲಿ ಜಾಗ ಹಿಡಿಯುವುದು ನಿಜ. ಆದರೆ ಈ ಲೆಕ್ಕದ ಫಲ ಯಾರಿಗೆ ಹೋಗುತ್ತದೆ ನೋಡಿ. ಕಾರ್ಖಾನೆಯಲ್ಲಿ ತಯಾರಾದ, ಮಡಿಸಿದರೆ ಮೊಳದುದ್ದಕ್ಕೆ ಬರುವ ಅಲ್ಯೂಮಿನಿಯಂ ಕೋಲೂ ಇದೇ ಪೇಟೆಯಲ್ಲಿದೆ. ಅದರ ಪೊಟ್ಟಣ 60 ಸೆಂಟಿಮೀಟರು ಎಂದಿಟ್ಟುಕೊಂಡರೂ ಗಾತ್ರದ ತೂಕ ಮುಕ್ಕಾಲು ಕೇಜಿಯನ್ನು ತುಸು ದಾಟೀತು. ಕೈಯಿಂದ ಕಡೆದ ಮರದ ಕೋಲನ್ನು ಮಡಿಸಲಾಗುವುದಿಲ್ಲ. ಬೆಲೆಯಲ್ಲಿ ಗೆಲ್ಲಬೇಕಾದ ಕೋಲು ಬಾಡಿಗೆಯಲ್ಲಿ ಸೋಲುತ್ತದೆ. ಬುಟ್ಟಿ, ಮೊರ, ಕುರ್ಚಿಗಳ ಪಾಡು ಇನ್ನೂ ಕಷ್ಟ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು, ಆನೆಯ ಪ್ರತಿಮೆಗಳನ್ನು ಕೂಡ ಮಾಡುತ್ತಾರೆ. ಹಗುರ ಸಾಮಾನು, ಗಟ್ಟಿ ಕೆಲಸ. ಆದರೆ ಕುರ್ಚಿಯೆಂದರೆ ಕಡ್ಡಿಗಿಂತ ಗಾಳಿಯೇ ಹೆಚ್ಚು. ಈ ಲೆಕ್ಕದಲ್ಲಿ ಗಾಳಿಗೂ ಬಾಡಿಗೆ ತೆರಬೇಕು.

ಈಗ ಇನ್ನೊಂದು ಲೆಕ್ಕ ಹಾಕೋಣ. ಅಂಗಡಿಯವರು ಇದನ್ನು ಗಮನವಿಟ್ಟು ಓದಬೇಕು. ಇಪ್ಪತ್ತೈದು ಕೋಲುಗಳನ್ನು ಒಂದೇ ಕಟ್ಟು ಕಟ್ಟಿದರೆ ಅದು 150 ಉದ್ದ, 20 ಅಗಲ, 20 ಎತ್ತರದೊಳಗೆ ಬರುತ್ತದೆ. ಗುಣಿಸಿದರೆ 60,000; ಗಾತ್ರದ ತೂಕ 12 ಕೇಜಿ. ಕೋಲೊಂದಕ್ಕೆ ಅರ್ಧ ಕೇಜಿಯೂ ಬೀಳುವುದಿಲ್ಲ. ಒಂಟಿಯಾಗಿ ಬಂದರೆ ಎರಡು ಕೇಜಿ, ಕಟ್ಟಿನಲ್ಲಿ ಬಂದರೆ ಅರ್ಧ ಕೇಜಿ! ಬಾಡಿಗೆ ಕಾಲುಭಾಗಕ್ಕೆ ಇಳಿಯಿತು. ಈ ಕಟ್ಟನ್ನು ತರಿಸಿ, ಬಿಚ್ಚಿ, ಗೋಡೆಗೆ ಒರಗಿಸಿ, ಒಂದೊಂದಾಗಿ ಮಾರುವವನಿಗೆ ನಮ್ಮ ಭಾಷೆಯಲ್ಲಿ ಚಿಲ್ಲರೆ ಅಂಗಡಿಯವನು ಎಂದು ಹೆಸರು. ಅವನು ಮಧ್ಯವರ್ತಿ, ಅವನನ್ನು ತೆಗೆದುಹಾಕಿದರೆ ಸರಕು ಅಗ್ಗವಾಗುತ್ತದೆ ಎಂದು ಹತ್ತು ವರ್ಷದಿಂದ ಪಾಠ ಹೇಳಿಸಿಕೊಂಡಿದ್ದೇವೆ. ಕೋಲಿನ ಮಟ್ಟಿಗಾದರೂ ಆ ಪಾಠ ಸುಳ್ಳು. ಮನೆಮನೆಗೆ ಒಂದೊಂದು ಪೊಟ್ಟಣ ಹೊರುವುದೇ ಎಲ್ಲಕ್ಕಿಂತ ದುಬಾರಿಯ ಸಾಗಾಣಿಕೆ.

ಹಾಗಾದರೆ ದೊಡ್ಡ ಕಂಪನಿಗಳು ‘ಸಾಗಾಣಿಕೆ ಉಚಿತ’ ಎಂದು ಹಾಕುವುದು ಹೇಗೆ? ಉಚಿತವೆಂಬುದು ಎಲ್ಲಿಯೂ ಇಲ್ಲ. ಒಂದೋ ಬಾಡಿಗೆಯನ್ನು ಕೋಲಿನ ಬೆಲೆಯೊಳಗೆ ಸೇರಿಸಿರುತ್ತಾರೆ. ಇಲ್ಲವೆ ಇಷ್ಟು ರೂಪಾಯಿಗೆ ಕೊಂಡರೆ ಮಾತ್ರ ಎಂದು ಬೇಡದ್ದನ್ನೂ ಕೊಳ್ಳಿಸುತ್ತಾರೆ. ಇಲ್ಲವೆ ಮಾರಾಟಗಾರನಿಂದ ಕಮಿಷನ್ನಿನ ರೂಪದಲ್ಲಿ ಕಿತ್ತುಕೊಳ್ಳುತ್ತಾರೆ. ಅದೂ ಸಾಲದಿದ್ದರೆ ಬಂಡವಾಳಗಾರರು ಪೇಟೆ ಕೈಗೆ ಬರುವವರೆಗೆ ನಷ್ಟ ತಾಳಿಕೊಳ್ಳುತ್ತಾರೆ. ಲಕ್ಷಗಟ್ಟಲೆ ಪೊಟ್ಟಣ ಕಳಿಸುವವನಿಗೆ ಕೊರಿಯರಿನವರು ಕೊಡುವ ದರವೇ ಬೇರೆ. ತಿಂಗಳಿಗೆ ಹತ್ತು ಪೊಟ್ಟಣದ ಚಾಮರಾಜನಗರದ ವರ್ತಕನಿಗೆ ಆ ದರ ಸಿಕ್ಕುವುದಿಲ್ಲ. ಗುಂಡ್ಲುಪೇಟೆಯ ಅಂಗಡಿಯ ಮಿತ್ರರೊಬ್ಬರು ನಮಗೆ ಹೇಳಿದ್ದು ಇಷ್ಟೆ: “ಏನ್ ಮಾಡದು ಮೇಷ್ಟ್ರೇ, ಒಂದ್ ಕೋಲ್ಗೆ ಲಾರಿ ಬಾಡ್ಗೆ ಕೇಳ್ದಂಗಾಯ್ತು. ಅವ್ರ್ಗೊಂದು ರೇಟು, ನಮ್ಗೊಂದು ರೇಟು.”

ಇಷ್ಟೆಲ್ಲ ಬಾಡಿಗೆಯಲ್ಲಿ ಹೊರುವವನಿಗೆ ಸೇರುವುದೆಷ್ಟು ಎಂಬುದನ್ನೂ ಕೇಳಬೇಕು. ಬೆನ್ನಿಗೆ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುವ ಹುಡುಗನಿಗೆ ಸಾಮಾನ್ಯವಾಗಿ ಪೊಟ್ಟಣಕ್ಕಿಷ್ಟು ಎಂದು ಕೂಲಿ. ಪೆಟ್ರೋಲು ಅವನದು, ಪಂಕ್ಚರು ಅವನದು, ಬಿದ್ದರೆ ಕಾಲೂ ಅವನದು. ಕರ್ನಾಟಕವು 2025ರಲ್ಲಿ ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗೆ ಕಾಯಿದೆ ತಂದು, ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಮಾಡಿದೆ. ಒಳ್ಳೆಯದೇ. ಕಾಯಿದೆ ಬೆಂಗಳೂರಿನ ವೃತ್ತಗಳಲ್ಲಿ ನಿಂತುಬಿಡದೆ ನಮ್ಮ ತಾಲ್ಲೂಕಿನ ಹುಡುಗರವರೆಗೂ ಬರಬೇಕು.

ದೂರದ ಭಾರವನ್ನು ಯಾರು ಹೊರಬೇಕೆಂಬುದು ಪ್ರಕೃತಿಯ ನಿಯಮವಲ್ಲ, ಸರ್ಕಾರಗಳು ಮಾಡುವ ತೀರ್ಮಾನ. ಮೈಸೂರು ಸಂಸ್ಥಾನದಲ್ಲಿ ಹದಿನೇಳನೆಯ ಶತಮಾನದಲ್ಲಿ ಅಂಚೆಯನ್ನು ಕಟ್ಟಿದವರು ಚಿಕ್ಕದೇವರಾಜ ಒಡೆಯರು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಕಟ್ಟಿಸಿದವರೂ ಅವರೇ. (ಜನರ ಮಾತನ್ನು ಅರಮನೆಗೆ ಮುಟ್ಟಿಸಲೂ ಅಂಚೆಯವರನ್ನು ಬಳಸುತ್ತಿದ್ದರೆಂದು ವಿಲ್ಕ್ಸ್ ಎಂಬ ಇತಿಹಾಸಕಾರ ಬರೆದಿದ್ದಾನೆ. ಇಂದು ಕೋಲು ಹುಡುಕಿದವನಿಗೆ ಸಂಜೆಯವರೆಗೂ ಕೋಲಿನ ಜಾಹೀರಾತು ತೋರಿಸುವ ಫೋನನ್ನು ಕಂಡಾಗ ನಮಗೆ ಆ ಮಾತು ನೆನಪಾಗುತ್ತದೆ.) ಬ್ರಿಟಿಷ್ ಇಂಡಿಯಾದಲ್ಲಿ ಮೊದಲು ಕಾಗದಕ್ಕೆ ದೂರ ನೋಡಿ ದರ ಹಾಕುತ್ತಿದ್ದರು. 1854ರಲ್ಲಿ ಅದನ್ನು ಕೈಬಿಟ್ಟು, ಹಗುರವಾದ ಕಾಗದ ಎಷ್ಟೇ ದೂರ ಹೋಗಲಿ ಅರ್ಧಾಣೆ ಎಂದರು. ಹತ್ತಿರದವನು ತುಸು ಹೆಚ್ಚು ಕೊಟ್ಟ, ದೂರದವನು ತುಸು ಕಡಿಮೆ ಕೊಟ್ಟ. ದೇಶವೆಲ್ಲ ಒಂದಕ್ಕೊಂದು ಬರೆಯಿತು. ಮೈಸೂರಿನ ಅಂಚೆ 1889ರಲ್ಲಿ ಅದರೊಳಗೆ ಸೇರಿತು.

ಸ್ವತಂತ್ರ ಭಾರತವೂ ದೂರವನ್ನು ಅಳಿಸಿದ್ದುಂಟು, ಆದರೆ ಯಾರಿಗಾಗಿ? 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಉಕ್ಕಿಗೆ ಸಾಗಾಣಿಕೆಯ ಸಮೀಕರಣ ನೀತಿಯಿತ್ತು. ಬಿಹಾರದಲ್ಲಿ ತಯಾರಾದ ಉಕ್ಕು ಮುಂಬಯಿಯಲ್ಲಿಯೂ ಅದೇ ಬೆಲೆಗೆ ಸಿಕ್ಕುತ್ತಿತ್ತು. ಗಣಿಯ ಸೀಮೆಗಳು ಇದರಿಂದ ಸೊರಗಿದವು, ಕರಾವಳಿಯ ಕೈಗಾರಿಕೋದ್ಯಮಿಗಳು ಬೆಳೆದರು. ಆ ನೀತಿ ಸರಿಯಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ದೊಡ್ಡವರ ಉಕ್ಕಿಗೆ ನಾಲ್ಕು ದಶಕ ಬಾಡಿಗೆಯನ್ನು ಸರಿದೂಗಿಸಲು ಬಂದ ಸರ್ಕಾರಕ್ಕೆ ಸೋಲಿಗನ ಕೋಲಿಗೆ ಸರಿದೂಗಿಸಲು ಬರುವುದಿಲ್ಲವೆಂದರೆ ನಂಬುವುದು ಹೇಗೆ? ಬಿದಿರಿನ ಕಥೆಯೂ ಇದೇ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೆರಡು ರೂಪಾಯಿಗೆ ಹೋಗುತ್ತಿದ್ದ ಕಾಲದಲ್ಲಿ ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಾಗಿತ್ತೆಂಬುದನ್ನು ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ.

ಹಾಗೆಂದು ಕಾನೂನು ಪೂರ್ತಿ ಬಡವನ ವಿರುದ್ಧವಿದೆಯೆಂದೂ ಅಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಬಿದಿರೂ ಬೆತ್ತವೂ ಕಿರು ಅರಣ್ಯ ಉತ್ಪನ್ನಗಳೆಂದು ಸೇರಿವೆ. 2012ರ ನಿಯಮಗಳ ಪ್ರಕಾರ ಅವನ್ನು ಸಾಗಿಸುವ ರಹದಾರಿಯನ್ನು ಗ್ರಾಮಸಭೆಯ ಕಡೆಯಿಂದಲೇ ಕೊಡಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿಯೇ ಸಮುದಾಯ ಹಕ್ಕುಪತ್ರ ದೊರೆತಿದೆ. ಹಕ್ಕು ಬಂದಿದೆ, ರಹದಾರಿಗೂ ದಾರಿಯಿದೆ, ಇಲ್ಲದಿರುವುದು ಗಾಡಿ.

ಗಾಡಿ ಸರ್ಕಾರದ ಬಳಿಯೇ ಇದೆ. ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ‘ನಮ್ಮ ಕಾರ್ಗೋ’ ಎಂದು ಬಸ್ಸುಗಳಲ್ಲಿ ಸಾಮಾನು ಸಾಗಿಸುವ ಏರ್ಪಾಡು ಆರಂಭಿಸಿತು. ಅಂಚೆ ಕಚೇರಿಯಂತೂ ಹಳ್ಳಿ ಹಳ್ಳಿಯಲ್ಲಿದೆ. ಇಂದು ಎಲ್ಲ ಕಂಪನಿಗಳೂ ಮೊದಲು ಕೇಳುವ ಆರಂಕಿಯ ಪಿನ್ ಸಂಖ್ಯೆ (ಗುಂಡ್ಲುಪೇಟೆಗೆ 571111, ಚಾಮರಾಜನಗರಕ್ಕೆ 571313) 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಜನರಿಗೆಂದು ಮಾಡಿದ್ದು. ಅದನ್ನು ಪುಕ್ಕಟೆ ಬಳಸಿಕೊಳ್ಳುವ ಕಂಪನಿಗಳು ಕಾಡಂಚಿನ ಪೋಡಿನ ಸಂಖ್ಯೆ ಒತ್ತಿದರೆ ‘ಇಲ್ಲಿಗೆ ಸೇವೆ ಇಲ್ಲ’ ಎನ್ನುವುದುಂಟು. ಅಂಚೆಯವನು ಹಾಗೆನ್ನುವಂತಿಲ್ಲ, ಅವನು ಹೋಗಲೇಬೇಕು. ಆದರೆ ಆ ಇಲಾಖೆಯೂ ಲಾಭದ ದಾರಿ ಹಿಡಿಯುತ್ತಿದೆ. 2024ರ ಡಿಸೆಂಬರಿನಲ್ಲಿ ಪುಸ್ತಕಗಳ ರಿಜಿಸ್ಟರ್ಡ್ ಅಂಚೆಯ ಅಗ್ಗದ ದರ ಹೋಯಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೇ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಪತ್ರಿಕೆಗಳಿಗೆ ರಿಯಾಯಿತಿ ದರವಿರುವುದು ಸುದ್ದಿ ಎಲ್ಲರಿಗೂ ತಲುಪಲಿ ಎಂದು. ಕೈಕಸುಬಿನ ಸಾಮಾನಿಗೂ ಅಂಥದೇ ಒಂದು ರಿಯಾಯಿತಿಯನ್ನು, ಟೇಪಿನ ಅಳತೆಯಿಲ್ಲದೆ ತಕ್ಕಡಿಯ ತೂಕಕ್ಕೆ, ರಾಜ್ಯಕ್ಕೆಲ್ಲ ಒಂದೇ ದರದಲ್ಲಿ ಕೊಟ್ಟರೆ ಇಲಾಖೆ ಮುಳುಗಿಹೋಗುವುದಿಲ್ಲ.

ಅದು ಬರುವವರೆಗೆ ನಮ್ಮ ವರ್ತಕರು ಸುಮ್ಮನಿರಬೇಕಿಲ್ಲ. ಚಾಮರಾಜನಗರದ ನಾಲ್ಕು ಅಂಗಡಿ, ಗುಂಡ್ಲುಪೇಟೆಯ ನಾಲ್ಕು ಅಂಗಡಿ ಸೇರಿ ಬೆಟ್ಟದ ಗ್ರಾಮಸಭೆಗಳಿಂದ ರಹದಾರಿ ಸಮೇತ ಕೋಲಿನ ಕಟ್ಟುಗಳನ್ನು ಬಸ್ಸಿನಲ್ಲಿಯೇ ತರಿಸಬಹುದು. ಬೆಂಗಳೂರಿನ ಚಾರಣದ ಹುಡುಗರಿಗೆ ಬೇಕಾದ ಕೋಲುಗಳೂ ಇದೇ ಕಟ್ಟಿನಲ್ಲಿ ಹೋಗಿ ಅಲ್ಲಿನ ಒಂದು ಅಂಗಡಿಯಲ್ಲಿ ಇಳಿಯಬಹುದು. ರಾಜ್ಯದೊಳಗೆ ಆನ್‌ಲೈನ್ ಪೇಟೆಯ ಮೂಲಕ ಮಾರುವ ಸಣ್ಣ ವ್ಯಾಪಾರಿಗೆ, ವಹಿವಾಟು ಮಿತಿಯೊಳಗಿದ್ದರೆ, 2023ರ ಅಕ್ಟೋಬರ್ 1ರಿಂದ ಜಿ.ಎಸ್.ಟಿ. ನೋಂದಣಿಯ ಕಡ್ಡಾಯವೂ ತಪ್ಪಿದೆ. ಇದನ್ನು ಅನೇಕರು ತಿಳಿದಿಲ್ಲ. ಕೋಲು ಒರಟಾಗಿದ್ದೀತು, ಹಿಡಿಗೆ ದಾರ ಸುತ್ತಿರಲಿಕ್ಕಿಲ್ಲ. ರಬ್ಬರಿನ ಬಿರಡೆ ಬೇಕೆನ್ನುವವರಿಗೆ ಅದನ್ನು ಬೇರೆಯಾಗಿ ಮಾರಬಹುದು.

ಈ ಬಗ್ಗೆ ಅಂಚೆ ಅಧೀಕ್ಷಕರಿಗೂ ಸಾರಿಗೆ ನಿಗಮದ ಜಿಲ್ಲಾ ಅಧಿಕಾರಿಗಳಿಗೂ ಮನವಿ ಸಿದ್ಧವಾಗುತ್ತಿದೆ. ಸಹಿ ಹಾಕಲಿಚ್ಛಿಸುವ ವರ್ತಕರು ತಮ್ಮ ಕೊರಿಯರ್ ರಸೀದಿಗಳನ್ನು ಜೊತೆಗೆ ತರಬೇಕು. ಸಾಮಾನಿನ ಬೆಲೆ, ನಿಜ ತೂಕ, ಹಾಕಿದ ತೂಕ, ತೆತ್ತ ಬಾಡಿಗೆ, ಈ ನಾಲ್ಕೂ ಅದರಲ್ಲಿ ಕಾಣುವಂತಿರಲಿ.